ಪೇಟಿ, ತಂಬೂರಿ ಮತ್ತು ಮೋಹನದ ಎರಡು ಕಾರ್ಡು

ಬ್ಯಾಂಕಿನವನ ಬಾಯಲ್ಲಿ ಕಾರ್ಡ್ ಎಂಬ ಮಾತು ಬಂದರೆ ಸಾಕು, ಕೇಳುವವರು ಪಿನ್ ಮರೆತದ್ದು, ಎಟಿಎಂ ಮಷೀನು ಕಾರ್ಡ್ ನುಂಗಿದ್ದು ಇಂಥ ಕಥೆ ಶುರು ಮಾಡುತ್ತಾರೆ. ಇದು ಆ ಕಾರ್ಡ್ ಅಲ್ಲ ಸ್ವಾಮಿ. ಗಿಟಾರಿನವರು, ಕೀಬೋರ್ಡಿನವರು ಮೂರು ಸ್ವರ ಒಟ್ಟಿಗೆ ಒತ್ತಿ ಹಿಡಿಯುತ್ತಾರಲ್ಲ, ಆ ಕಾರ್ಡ್. ಇದಕ್ಕೆ ಸ್ವರಮೇಳ ಅನ್ನುವವರೂ ಇದ್ದಾರೆ. ಆದರೆ ಮೇಳ ಅಂದೊಡನೆ ನಮಗೆ ಎಪ್ಪತ್ತೆರಡು ಮೇಳಕರ್ತ ನೆನಪಾಗಿ ಗೊಂದಲವಾಗುತ್ತದೆ. ಆದ್ದರಿಂದ ಕಾರ್ಡ್ ಅಂತಲೇ ಇಟ್ಟುಕೊಳ್ಳೋಣ.

ಪ್ರಶ್ನೆ ಇಷ್ಟೇ. ಒಂದು ಹಾಡು ಕೇಳಿದಾಗ ಮನಸ್ಸು ಅರಳುತ್ತದೆ, ಇನ್ನೊಂದು ಕೇಳಿದಾಗ ಗಂಟಲು ಕಟ್ಟುತ್ತದೆ. ಅದನ್ನು ಮಾಡುವುದು ರಾಗವೋ, ಅದರ ಕೆಳಗೆ ಮೊಳಗುವ ಕಾರ್ಡೋ? ನಮ್ಮ ಸಂಗೀತ ಕಲಿತವರು ರಾಗ ಅನ್ನುತ್ತಾರೆ. ಕೀಬೋರ್ಡ್ ಕ್ಲಾಸಿಗೆ ಹೋಗುವ ಹುಡುಗರು ಕಾರ್ಡ್ ಅನ್ನುತ್ತಾರೆ. ನಾನು ಎರಡೂ ಪಾರ್ಟಿಗೆ ಸೇರಿದವನಲ್ಲ. ಗದಗಿನಲ್ಲಿ ಬಿ.ಕಾಂ. ಓದುವಾಗ ಶನಿವಾರದ ಭಜನೆಗೆ ಪೇಟಿ ಬಾರಿಸುತ್ತಿದ್ದೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೆಸರು. ವೀರೇಶ್ವರ ಪುಣ್ಯಾಶ್ರಮ ಇರುವ ಊರು ನೋಡಿ, ಪುಟ್ಟರಾಜ ಗವಾಯಿಗಳ ಪೇಟಿ ಕೇಳಿದ ಕಿವಿ. ಹೆಚ್ಚು ಕಲಿಯದಿದ್ದರೂ ಒಳ್ಳೆಯದು ಯಾವುದು ಅಂತ ಗೊತ್ತಾಗುತ್ತದೆ. ಆಮೇಲೆ ಬ್ಯಾಂಕು, ಪ್ರೊಬೇಷನ್, ವರ್ಗಾವಣೆ, ಕೊನೆಗೆ ವಡೋದರಾ. ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಪೇಟಿಯೂ ನನ್ನ ಜೊತೆ ಬಂದು ಇಲ್ಲೇ ನೆಲೆಸಿದೆ.

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ತಾಲೀಮಿನಲ್ಲಿ. ನಮ್ಮದು ಸಣ್ಣ ಬಳಗ. ರಿಫೈನರಿಯವರು, ರೈಲ್ವೆಯವರು, ಯೂನಿವರ್ಸಿಟಿಯವರು, ನನ್ನಂಥ ಬ್ಯಾಂಕಿನವರು. ಬಳಗದಲ್ಲಿ ಒಬ್ಬರು ಧಾರವಾಡದ ಕಾಕು ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ, ಕಾಲೇಜಿನ ದಿನಗಳಲ್ಲೇ ಹಿಂದೂಸ್ತಾನಿ ಕಲಿತವರು. ಈ ಸಲ ಅವರು ಮಕ್ಕಳಿಗೆ ಒಂದು ಭಾವಗೀತೆ ಕಲಿಸುತ್ತಿದ್ದರು. ತಾಯಿಯನ್ನು ಬಿಟ್ಟು ದೂರ ಹೊರಟವರ ಹಾಡು. ಅವರು ಧಾರವಾಡದಲ್ಲಿ ಕಲಿತ ಧಾಟಿ, ರಾಗ ಭೂಪ. ದಕ್ಷಿಣದವರಿಗೆ ಮೋಹನ ಅಂದರೆ ಗೊತ್ತಾದೀತು. ಪಕ್ಕದಲ್ಲಿ ಕೀಬೋರ್ಡ್ ಇಟ್ಟುಕೊಂಡು ಕೂತವನು ಹತ್ತನೇ ಕ್ಲಾಸಿನ ಹುಡುಗ. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಅವನು ಕಾರ್ಡ್ ಹಾಕತೊಡಗಿದ ಮೂರನೇ ಸಾಲಿಗೆ ಕಾಕು ಹಾಡು ನಿಲ್ಲಿಸಿದರು.

"ಏ ತಮ್ಮಾ, ಆ ಡಬ್ಬಿ ಬಂದ್ ಮಾಡು. ಇಲ್ಲಾ ನಾ ಬಾಯಿ ಬಂದ್ ಮಾಡ್ತೀನಿ."

"ಅಜ್ಜಿ, ಕಾರ್ಡ್ ಇಲ್ಲದಿದ್ರೆ ಖಾಲಿ ಖಾಲಿ ಲಾಗೆ ಛೆ!" ಅಂದ ಹುಡುಗ. ಅರ್ಧ ಕನ್ನಡ, ಅರ್ಧ ಗುಜರಾತಿ. ನಮ್ಮ ಮಕ್ಕಳ ಭಾಷೆಯೇ ಹಾಗೆ.

"ಖಾಲಿ ಇರ್ಲಿ. ಮನ್ಯಾಗ ಯಾರೋ ಹೊರಗಿನವರು ಬಂದು ಕೂತಾರ ಅನಸ್ತದ ನನಗ."

ನಗು ಬರುವ ಜಗಳ. ಆದರೆ ನಮಗೆ ಅದು ನಗುವ ವಿಷಯವಾಗಿರಲಿಲ್ಲ. ಆ ಹುಡುಗ ಬರುವುದರಿಂದಲೇ ಇನ್ನೂ ಆರು ಮಕ್ಕಳು ತಾಲೀಮಿಗೆ ಬರುತ್ತಿದ್ದರು. ಅವನು ಮುನಿಸಿಕೊಂಡು ಹೋದರೆ ವೇದಿಕೆಯ ಮೇಲೆ ಉಳಿಯುವುದು ಬರೀ ನರೆತ ತಲೆಗಳು. ಕಾಕು ಹೋದರೆ ಆ ಧಾಟಿ ಗೊತ್ತಿರುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಪೇಟಿಯವನು ಅಂತ ಪಂಚಾಯಿತಿಯನ್ನು ನನ್ನ ತಲೆಗೆ ಕಟ್ಟಿದರು. ಒಂದು ವಾರ ಟೈಮ್ ತೆಗೆದುಕೊಂಡೆ.

ಹಾಗೆ ನೋಡಿದರೆ ಈ ಜಗಳ ಈ ಊರಿಗೆ ಹೊಸದೇನಲ್ಲ. ಸೂರಸಾಗರ ಕೆರೆಯ ಎದುರಿಗೆ ಎಂ.ಎಸ್. ಯೂನಿವರ್ಸಿಟಿಯ ಸಂಗೀತ-ನೃತ್ಯ-ನಾಟಕ ಕಾಲೇಜಿದೆ. ಅದರ ಮೂಲ 1886ರಲ್ಲಿ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ ಶುರುವಾದ ಗಾಯನಶಾಲೆ. ಅದನ್ನು ನಡೆಸಿದವರು ಮೌಲಾಬಕ್ಷ್. ಇವರು ದಕ್ಷಿಣಕ್ಕೆ ಬಂದು ನಮ್ಮ ಕರ್ನಾಟಕ ಸಂಗೀತವನ್ನೂ ಕಲಿತು, ಮೈಸೂರು ಅರಮನೆಯಲ್ಲಿ ಗೌರವ ಪಡೆದವರು. ಹಾಡನ್ನು ಬರೆದಿಡಲು ಸ್ವರಲಿಪಿ ಬೇಕು ಅಂತ ಆ ಕಾಲದಲ್ಲೇ ಹಟ ಹಿಡಿದವರು. ಅವರ ಮಗ, ಡಾ. ಪಠಾಣ್ ಅಂತ ಹೆಸರಾದವರು, ಲಂಡನ್ನಿಗೆ ಹೋಗಿ ಪಾಶ್ಚಾತ್ಯ ಸಂಗೀತ ಕಲಿತು ಬಂದರು. ಮೊಮ್ಮಗ ಇನಾಯತ್ ಖಾನ್ 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿ, 1910ರಲ್ಲಿ ವೀಣೆ ಹಿಡಿದು ಪಶ್ಚಿಮ ದೇಶಗಳಿಗೆ ಹೊರಟರು. ಅಂದರೆ ಒಂದೇ ಮನೆಯಲ್ಲಿ ಮೂರು ತಲೆಮಾರು, ಮೂರು ದಿಕ್ಕು. ಬರೋಡಾ ಸಂಸ್ಥಾನದಲ್ಲಿ ಹಾಡುವವರಿಗೆ 'ಕಲಾವಂತ ಕಾರಖಾನೆ' ಎಂಬ ಇಲಾಖೆಯೇ ಇತ್ತು, ಅದಕ್ಕೆ ನಿಯಮಾವಳಿಯೂ ಇತ್ತು. ಕಲಾವಿದರಿಗೆ ಸರ್ವೀಸ್ ರೂಲ್ಸ್! ಓದಿದಾಗ ಬ್ಯಾಂಕಿನವನಿಗೆ ಒಳಗೊಳಗೇ ಖುಷಿಯಾಯಿತು.

1916ರ ಮಾರ್ಚ್‌ನಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆದದ್ದೂ ಬರೋಡಾದಲ್ಲೇ. ಅದರ ಹಿಂದೆ ಇದ್ದವರು ವಿಷ್ಣು ನಾರಾಯಣ ಭಾತಖಂಡೆ. ಅಲ್ಲಿ ಬಹಳ ಬಿಸಿಯಾಗಿ ಚರ್ಚೆಯಾದದ್ದು ಇಪ್ಪತ್ತೆರಡು ಶ್ರುತಿಗಳ ವಿಷಯ. ಕ್ಲೆಮೆಂಟ್ಸ್ ಎಂಬ ಐಸಿಎಸ್ ಅಧಿಕಾರಿ ಮತ್ತು ಸಾಂಗಲಿಯ ದೇವಲ್ ಸೇರಿ ಸಿದ್ಧಪಡಿಸಿದ 'ಶ್ರುತಿ ಹಾರ್ಮೋನಿಯಂ' ಕೂಡ ಚರ್ಚೆಗೆ ಬಂತು. ಪೇಟಿಯ ಪಟ್ಟಿಗಳಲ್ಲಿ ನಮ್ಮ ರಾಗ ಹಿಡಿಸುತ್ತದೆಯೇ ಇಲ್ಲವೇ ಅನ್ನುವುದೇ ಅವರ ತಕರಾರು. ನೂರು ವರ್ಷದ ಮೇಲೆ ನಮ್ಮ ಕಾಕು ಎತ್ತಿದ್ದೂ ಅದೇ ತಕರಾರಿನ ಮುಂದಿನ ಭಾಗ ಅಂತ ಆಮೇಲೆ ಹೊಳೆಯಿತು. ಇದೇ ಊರಿನ ಆಸ್ಥಾನ ಗಾಯಕರಾಗಿದ್ದ ಫಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಖಿ' ಎಂಬ ಬಿರುದು ಕೊಟ್ಟದ್ದು ನಮ್ಮ ಮೈಸೂರು ದರ್ಬಾರು. ಅವರು 1950ರಲ್ಲಿ ಇಲ್ಲೇ ತೀರಿಕೊಂಡರು. ಬರೋಡಾಕ್ಕೂ ಮೈಸೂರಿಗೂ ನಾವು ಟ್ರಾನ್ಸ್‌ಫರ್ ಆರ್ಡರ್ ಹಿಡಿದು ಬರುವ ಮೊದಲೇ ನಂಟಿತ್ತು ಅನ್ನುವುದಕ್ಕೆ ಹೇಳಿದೆ.

ಇನ್ನು ವಿಷಯಕ್ಕೆ ಬರೋಣ. ಸ್ವಲ್ಪ ತಾಳ್ಮೆ ಇರಲಿ. ಮನೆಯಲ್ಲಿ ಪೇಟಿಯೋ ಕೀಬೋರ್ಡೋ ಇದ್ದರೆ, ಇಲ್ಲವೇ ಮೊಬೈಲಿನಲ್ಲಿ ಪಿಯಾನೋ ಆಪ್ ಇದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ತಂಬೂರಿ. "ನಮ್ಮ ಸಂಗೀತದಲ್ಲಿ ಕಾರ್ಡ್ ಇಲ್ಲ" ಅನ್ನುತ್ತಾರಲ್ಲ, ತಂಬೂರಿಯ ಪಕ್ಕ ಕಿವಿಯಿಟ್ಟು ಕೂತವರು ಆ ಮಾತು ಹೇಳುವ ಮೊದಲು ಸ್ವಲ್ಪ ಯೋಚಿಸುತ್ತಾರೆ. ಒಂದು ತಂತಿ ಸೆಕೆಂಡಿಗೆ 100 ಸಲ ಕಂಪಿಸುತ್ತದೆ ಅಂದುಕೊಳ್ಳಿ. ಅದು ಬರೀ 100 ಅಲ್ಲ. ಅದರೊಳಗೇ 200, 300, 400, 500, 600ರ ಸಣ್ಣ ದನಿಗಳೂ ಇರುತ್ತವೆ. 100 ಸ ಆದರೆ 200 ಮೇಲಿನ ಸ, 300 ಪ, 400 ಅದರ ಮೇಲಿನ ಸ, 500 ಗ, 600 ಮತ್ತೆ ಪ. ತಂಬೂರಿಯ ಕುದುರೆಯ ಮೇಲೆ ಹತ್ತಿಯ ದಾರ ಸರಿಸಿ ಜೀವಾಳಿ ಕೂರಿಸುತ್ತಾರಲ್ಲ, ಆಗ ಈ ಒಳದನಿಗಳೇ ಎದ್ದು ಕೇಳುತ್ತವೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ ಅಂತ ನಮ್ಮ ಹಿರಿಯರು ಹೇಳುವುದು ಇದನ್ನೇ. ಸ, ಗ, ಪ ಮೂರೂ ಒಟ್ಟಿಗೆ ಕೇಳಿದರೆ ಕೀಬೋರ್ಡಿನವನು ಅದನ್ನು ಮೇಜರ್ ಕಾರ್ಡ್ ಅನ್ನುತ್ತಾನೆ. ಅಂದರೆ ತಂಬೂರಿಯಲ್ಲಿ ಒಂದು ಕಾರ್ಡ್ ಮೊದಲಿನಿಂದಲೂ ಅಡಗಿಕೊಂಡಿದೆ. ಆದರೆ ಅದು ಒಂದೇ ಒಂದು, ಜಾಗ ಬಿಟ್ಟು ಕದಲುವುದಿಲ್ಲ. ನಮ್ಮ ಪದ್ಧತಿಯಲ್ಲಿ ನೆಲ ನಿಂತಿರುತ್ತದೆ, ರಾಗ ನಡೆಯುತ್ತದೆ. ಪಶ್ಚಿಮದ ಪದ್ಧತಿಯಲ್ಲಿ ಹಾಡಿನ ಜೊತೆ ನೆಲವೂ ಸರಿಯುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ನೆಲ ಸರಿದರೆ ಏನಾಗುತ್ತದೆ? ಒಂದೇ ಸ್ವರ ತೆಗೆದುಕೊಳ್ಳಿ, ಶುದ್ಧ ಗ. ಬಲಗೈಯಲ್ಲಿ ಅದನ್ನು ಒತ್ತಿ ಹಿಡಿಯಿರಿ. ಎಡಗೈಯಲ್ಲಿ ಸ-ಗ-ಪ ಹಿಡಿಯಿರಿ. ಗ ಸುಖವಾಗಿ ಮನೆಯ ನಡುವೆ ಕೂತಂತೆ ಕೇಳುತ್ತದೆ. ಈಗ ಗವನ್ನು ಬಿಡಬೇಡಿ, ಎಡಗೈ ಮಾತ್ರ ಕೆಳಗಿನ ದ-ಸ-ಗಕ್ಕೆ ಸರಿಸಿ. ಅದೇ ಗ, ಅದೇ ಎತ್ತರ, ಆದರೆ ಸಂಜೆಯಾಗಿಬಿಟ್ಟಿತು! ಯಾರನ್ನೋ ನೆನೆಸಿಕೊಂಡ ಹಾಗೆ. ಇನ್ನೊಮ್ಮೆ ಎಡಗೈಯನ್ನು ಮ-ದ-ಸಕ್ಕೆ ಸರಿಸಿ. ಈಗ ಗ ಆ ಮೂವರಿಗೂ ಸೇರದೆ ಮೇಲೆ ತೂಗಾಡುತ್ತದೆ, ಇಳಿಯಲು ಜಾಗ ಹುಡುಕುತ್ತದೆ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಗ್ರಾಹಕ ಇಟ್ಟ ಒಂದು ಲಕ್ಷದ ಎಫ್.ಡಿ. ಅವನ ಮಟ್ಟಿಗೆ ಆಸ್ತಿ. ಅದೇ ಒಂದು ಲಕ್ಷ ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆ. ಮೊತ್ತದಲ್ಲಿ ಪೈಸೆ ವ್ಯತ್ಯಾಸವಿಲ್ಲ, ಯಾವ ಕಾಲಮ್ಮಿನಲ್ಲಿ ಕೂತಿದೆ ಅನ್ನುವುದರ ಮೇಲೆ ಅರ್ಥ. ಸ್ವರವೂ ಹಾಗೆಯೇ. ಕಾರ್ಡ್ ಅದನ್ನು ಯಾವ ಕಾಲಮ್ಮಿಗೆ ಹಾಕಿತು ಅನ್ನುವುದರ ಮೇಲೆ ಅದರ ಭಾವ.

ಹಾಗಾದರೆ ರಾಗದ ಕೆಲಸವೇನು? ರಾಗಕ್ಕೆ ನಡೆ, ಪಕಡ್, ಹೊತ್ತು ಎಲ್ಲ ಇದೆ. ಸದ್ಯಕ್ಕೆ ಅದರ ಸ್ವರಗಳ ಸಾಲನ್ನಷ್ಟೇ ನೋಡೋಣ, ಅಂದರೆ ಭಾತಖಂಡೆಯವರು ಹತ್ತು ಥಾಟುಗಳಾಗಿ ಜೋಡಿಸಿಟ್ಟರಲ್ಲ, ಅದು. ಪೇಟಿಯ ಬಿಳಿ ಪಟ್ಟಿಗಳನ್ನು ಮಾತ್ರ ಬಾರಿಸಿ. 'ಸಿ' ಅನ್ನುವ ಪಟ್ಟಿಯನ್ನು ಸ ಮಾಡಿಕೊಂಡರೆ ಬಿಲಾವಲ್, ನಮ್ಮ ಶಂಕರಾಭರಣ. ಅದರ ಪಕ್ಕದ ಪಟ್ಟಿಯನ್ನು ಸ ಮಾಡಿಕೊಂಡರೆ ಕಾಫಿ, ಅಂದರೆ ಖರಹರಪ್ರಿಯ. ಮುಂದಿನದು ಭೈರವಿ (ದಕ್ಷಿಣದ ಹನುಮತೋಡಿಯ ಸ್ವರಗಳು), ಆಮೇಲೆ ಕಲ್ಯಾಣ, ಖಮಾಜ್, ಅಸಾವರಿ. ಪಟ್ಟಿಗಳು ಅವೇ ಏಳು, ಒಂದನ್ನೂ ಬದಲಿಸಿಲ್ಲ. ಬದಲಾದದ್ದು 'ಮನೆ ಯಾವುದು' ಅನ್ನುವ ತೀರ್ಮಾನ ಮಾತ್ರ. ಅಷ್ಟಕ್ಕೇ ಶಂಕರಾಭರಣದ ರಾಜಗಾಂಭೀರ್ಯ ಹೋಗಿ ಭೈರವಿಯ ಅಳಲು ಬಂತು. ಇದನ್ನೇ ನಮ್ಮವರು ಗ್ರಹಭೇದ ಅನ್ನುವುದು.

ನನಗೆ ಗಂಟು ಬಿಚ್ಚಿದ್ದು ಇಲ್ಲಿ. ರಾಗದ ಭಾವ ನಿಂತಿರುವುದು ಮನೆ ಯಾವುದು ಅನ್ನುವುದರ ಮೇಲೆ. ಕಾರ್ಡಿಗೆ ಆ ಮನೆಯನ್ನು ಗಟ್ಟಿ ಮಾಡುವ ಶಕ್ತಿಯೂ ಇದೆ, ಸದ್ದಿಲ್ಲದೆ ಬದಲಿಸುವ ಶಕ್ತಿಯೂ ಇದೆ. ಎರಡೂ ಹೊಂದಿಕೊಂಡರೆ ಭಾವ ಇಮ್ಮಡಿಯಾಗುತ್ತದೆ. ಹೊಂದದಿದ್ದರೆ ಕಾಕುವಿನ ಮನೆಯಲ್ಲಿ ಹೊರಗಿನವರು ಬಂದು ಕೂರುತ್ತಾರೆ.

ನಾಲ್ಕು ರಾಗ ನೋಡೋಣ.

ಕಲ್ಯಾಣಿ, ಅಂದರೆ ಯಮನ್. ಇದರ ಜೀವ ಆ ತೀವ್ರ ಮ. ಅದು ಇರುವ ರಿ-ಮ-ದ ಕಾರ್ಡ್ ಹಿಡಿದರೆ ಹಾಡು ನೆಲದಿಂದ ಒಂದು ಗೇಣು ಮೇಲಕ್ಕೆ ಎದ್ದ ಹಾಗಾಗುತ್ತದೆ. ಆದರೆ ಕೀಬೋರ್ಡಿನವರ ಬೆರಳಿಗೆ ಆ ಕಾರ್ಡಿನ ನಂತರ ಪ-ನಿ-ರಿ ಒತ್ತುವುದು ಅಭ್ಯಾಸ. ಒತ್ತಿ ಅಲ್ಲೇ ನಾಲ್ಕು ಮಾತ್ರೆ ಕೂತರೋ, ಕಿವಿ 'ಓಹೋ, ಪ ತಾನೇ ಮನೆ' ಅಂದುಕೊಳ್ಳುತ್ತದೆ. ಪದಿಂದ ಎಣಿಸಿದರೆ ಅದೇ ಸ್ವರಗಳು ಶಂಕರಾಭರಣ! ಹಾಡುವವರು ಕಲ್ಯಾಣಿಯಲ್ಲೇ ಇದ್ದಾರೆ, ಕೇಳುವವರು ಶಂಕರಾಭರಣಕ್ಕೆ ಹೋಗಿಬಿಟ್ಟಿದ್ದಾರೆ. ಇದರಿಂದ ತಪ್ಪಿಸಿಕೊಳ್ಳಲು ಎಡಗೈಯ ಕಿರುಬೆರಳು ಸ ಬಿಡಬಾರದು. ರಿ-ಮ-ದ ಹಿಡಿದಾಗಲೂ ತಳದಲ್ಲಿ ಸ ಮೊಳಗುತ್ತಿದ್ದರೆ ಕಲ್ಯಾಣಿ ಕಲ್ಯಾಣಿಯಾಗಿಯೇ ಉಳಿಯುತ್ತದೆ.

ಮಾಯಾಮಾಳವಗೌಳ, ಉತ್ತರದ ಭೈರವ್. ನನ್ನ ಹೆಂಡತಿ ತುಮಕೂರಿನವಳು, ಸರಳೆ ವರಸೆಯಿಂದ ಹಿಡಿದು ಜೂನಿಯರ್ ಪರೀಕ್ಷೆವರೆಗೆ ಕಲಿತವಳು. ಅವಳಿಗೆ ಇದು ಮೊದಲ ಪಾಠದ ರಾಗ. ಪಾಶ್ಚಾತ್ಯ ಪದ್ಧತಿಯಲ್ಲಿ ಮನೆಗೆ ಮರಳುವ ಹೆದ್ದಾರಿ ಅಂದರೆ ಪ-ನಿ-ರಿ ಕಾರ್ಡು, ಅದರಿಂದ ಸ-ಗ-ಪ. ಅದಕ್ಕೆ ಬೇಕಾದ ರಿ ಈ ರಾಗದಲ್ಲಿ ಇಲ್ಲವೇ ಇಲ್ಲ, ಇರುವುದು ಕೋಮಲ ರಿ. ಹಟ ಹಿಡಿದು ಶುದ್ಧ ರಿ ಹಾಕಿದರೆ ಬೆಳಗಿನ ಜಾವದ ರಾಗಕ್ಕೆ ಮಧ್ಯಾಹ್ನದ ಬಿಸಿಲು ಬಿದ್ದ ಹಾಗೆ. ಇಲ್ಲಿ ಮನೆಗೆ ಬೇರೆ ದಾರಿಯಿದೆ. ಕೋಮಲ ರಿ-ಮ-ಕೋಮಲ ದ ಒಂದು ಕಾರ್ಡು. ಅದರಿಂದ ಎಲ್ಲ ಬೆರಳೂ ಹತ್ತಿರದಲ್ಲೇ ಸರಿದು ಸ-ಗ-ಪಕ್ಕೆ ಇಳಿಯುತ್ತವೆ. ರಾಗ ಹಾಡುವವನು ರಿಯಿಂದ ಸಕ್ಕೆ ಇಳಿಯುವ ದಾರಿಯೇ ಅದು. ಕಾರ್ಡು ರಾಗದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟಿತು.

ಕಾಫಿ. ಇದಕ್ಕೆ ಗುಜರಾತಿನಲ್ಲಿ ಪಾಠ ಬೇಕಿಲ್ಲ, ನವರಾತ್ರಿ ಸಾಕು. ವಡೋದರಾದ ಗರಬಾ ಗೊತ್ತಲ್ಲ, ಒಂಬತ್ತು ರಾತ್ರಿ ಮೈದಾನ ತುಂಬ ಜನ ಸುತ್ತುತ್ತಾರೆ. ಕಿಟಕಿ ಮುಚ್ಚಿದರೂ ಹೀಂಚ್ ತಾಳ ಹಾಸಿಗೆಯವರೆಗೆ ಬರುತ್ತದೆ. ಅಲ್ಲಿ ಕೇಳುವ ಎಷ್ಟೋ ಧಾಟಿಗಳಲ್ಲಿ ನನ್ನ ಕಿವಿಗೆ ಕಾಫಿಯ ನೆರಳು ಕಾಣುತ್ತದೆ. ಕಾಫಿಯ ಮನೆಯ ಕಾರ್ಡ್ ಸ-ಕೋಮಲ ಗ-ಪ, ಅಂದರೆ ಮೈನರ್. ಬರೀ ಅದೇ ಇದ್ದರೆ ಮುಖ ಸಪ್ಪಗಾಗುತ್ತಿತ್ತು. ಆದರೆ ಅದೇ ರಾಗದಲ್ಲಿ ಮ-ದ-ಸ ಎಂಬ ಮೇಜರ್ ಕಾರ್ಡೂ ಇದೆ, ಶುದ್ಧ ದದ ಕೃಪೆ. ಮನೆಯಲ್ಲಿ ಸ್ವಲ್ಪ ಬೇಗುದಿ, ಹೊರಗೆ ಬಂದರೆ ಗಾಳಿ ಬೆಳಕು. ಇವೆರಡರ ನಡುವೆ ಓಡಾಡುವುದರಿಂದಲೇ ಆ ಧಾಟಿಗಳಿಗೆ ಕುಣಿಸುವ ಗುಣವೂ, ಒಳಗೊಂದು ಬಯಕೆಯೂ ಬರುವುದು. ಅಸಾವರಿಯಲ್ಲಿ ದ ಕೋಮಲ, ಆ ಕಿಟಕಿ ಮುಚ್ಚಿರುತ್ತದೆ. ಒಂದೇ ಸ್ವರದ ವ್ಯತ್ಯಾಸ!

ನಾಲ್ಕನೆಯದು ಭೈರವಿ, ಕಚೇರಿಯ ಕೊನೆಯ ರಾಗ. ಮನೆ ಮೈನರ್. ಅದಕ್ಕೆ ಅರ್ಧ ಮೆಟ್ಟಿಲು ಮೇಲೆ ಕೋಮಲ ರಿಯ ಮೇಲೆ ನಿಂತ ಕಾರ್ಡು ಮಾತ್ರ ಮೇಜರ್. ಬೆಳಕಿರುವ ಕೋಣೆಯಿಂದ ಒಂದೇ ಹೆಜ್ಜೆ ಇಳಿದರೆ ಕತ್ತಲ ಮನೆ. ಆ ಇಳಿತವನ್ನು ನಿಧಾನವಾಗಿ ಎರಡು ಸಲ ಬಾರಿಸಿ ನೋಡಿ. ಕಚೇರಿ ಮುಗಿಯಿತು, ಎದ್ದು ಹೋಗಬೇಕು ಅನ್ನುವ ಭಾವಕ್ಕೆ ಬೇರೆ ಮಾತು ಬೇಡ.

ಕಾರ್ಡ್ ಕೈ ಚೆಲ್ಲುವ ಕಡೆಯೂ ಉಂಟು. ಕರ್ನಾಟಕ ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ಅದು ಓಲಾಡುತ್ತದೆ. ಆ ಓಲಾಟದ ಕೆಳಗೆ ಕದಲದ ಮೂರು ಸ್ವರ ಇಟ್ಟರೆ ಹಾಡುವವರೇ ಅಪಸ್ವರ ಹಾಡಿದ ಹಾಗೆ ಕೇಳುತ್ತದೆ. ತಪ್ಪು ಅವರದಲ್ಲ, ಕೆಳಗಿನ ನೆಲದ್ದು. ಶ್ರುತಿಯ ಲೆಕ್ಕವೂ ಇದೆ. ಒಂದು ಸ್ಥಾಯಿಯನ್ನು 1200 ಪಾಲು ಮಾಡಿ ಅಳೆಯುವ ಕ್ರಮವಿದೆ, ಒಂದೊಂದಕ್ಕೆ ಸೆಂಟ್ ಅನ್ನುತ್ತಾರೆ. ಕೀಬೋರ್ಡ್ ಹನ್ನೆರಡು ಪಟ್ಟಿಗೂ ಸಮಪಾಲು ಹಂಚುತ್ತದೆ, ಅದರ ಗ 400ರಲ್ಲಿದೆ. ತಂಬೂರಿಯೊಳಗಿನ ಗ ಇರುವುದು ಸುಮಾರು 386ರಲ್ಲಿ. ಪ ಮಾತ್ರ 700 ಮತ್ತು 702, ಹೆಚ್ಚು ಕಡಿಮೆ ಟ್ಯಾಲಿ. ಆದರೆ ಗದಲ್ಲಿ 14ರ ವ್ಯತ್ಯಾಸ! 14 ಪೈಸೆ ಟ್ಯಾಲಿ ಆಗಲಿಲ್ಲವೆಂದು ರಾತ್ರಿ ಒಂಬತ್ತರವರೆಗೆ ಲೆಡ್ಜರ್ ಹುಡುಕಿದ ಕಾಲದವನು ನಾನು, ಕಾಕುವಿನ ಸಿಟ್ಟು ನನಗೆ ಅರ್ಥವಾಗುತ್ತದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ, 1971ರವರೆಗೆ ತೆರೆಯದೇ ಇದ್ದದ್ದಕ್ಕೂ ಇಂಥ ತಕರಾರುಗಳೇ ಕಾರಣ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಮುಂದಿನ ಭಾನುವಾರ ತಾಲೀಮಿಗೆ ಹೋದೆ. ಹುಡುಗನಿಗೆ ನೀನು ಹಾಕಿದ ಕಾರ್ಡ್ ಯಾವುವು ಅಂತ ಕೇಳಿದೆ. ಇಂಟರ್‌ನೆಟ್ಟಿನಲ್ಲಿ ಕಲಿತ ನಾಲ್ಕು: ಸ-ಗ-ಪ, ದ-ಸ-ಗ, ಮ-ದ-ಸ, ಪ-ನಿ-ರಿ. ಪ್ರಪಂಚದ ಅರ್ಧ ಪಾಪ್ ಹಾಡು ಓಡುವುದು ಈ ನಾಲ್ಕರ ಮೇಲೆ, ಅವನದೇನೂ ತಪ್ಪಿಲ್ಲ. ಆದರೆ ಮೋಹನದಲ್ಲಿರುವುದು ಸ ರಿ ಗ ಪ ದ, ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಮೂರನೇ ಕಾರ್ಡಿನಲ್ಲಿ ಮ ನುಗ್ಗಿತು, ನಾಲ್ಕನೆಯದರಲ್ಲಿ ನಿ ನುಗ್ಗಿತು. ಕಾಕು 'ಹೊರಗಿನವರು' ಅಂದದ್ದು ಬರೀ ಸಿಟ್ಟಿನ ಮಾತಲ್ಲ, ಆಡಿಟ್ ರಿಪೋರ್ಟಿನಷ್ಟು ಕರಾರುವಾಕ್ಕಾದ ಮಾತು. ಹೆಸರು ಹೇಳದೇ ಅವರಿಗೆ ಆ ಎರಡು ಸ್ವರ ಚುಚ್ಚಿದ್ದವು.

ಮೋಹನದ ಐದು ಸ್ವರದಲ್ಲಿ ಸಿಗುವ ಪೂರ್ಣ ಕಾರ್ಡುಗಳು ಎರಡೇ: ಸ-ಗ-ಪ ಮತ್ತು ದ-ಸ-ಗ. ಒಂದು ಮೇಜರ್, ಒಂದು ಮೈನರ್. "ಇವೆರಡರಲ್ಲೇ ಮುಗಿಸು ನೋಡೋಣ" ಅಂದೆ. ಅವನ ಮುಖ ಸಣ್ಣದಾಯಿತು. ಅದರಲ್ಲೂ ಒಂದು ಷರತ್ತು ಹಾಕಿದೆ, ದ-ಸ-ಗದ ಮೇಲೆ ಬಹಳ ಹೊತ್ತು ಕೂರುವ ಹಾಗಿಲ್ಲ. ಕೂತರೆ ದ ತಾನೇ ಸ ಆಗಿಬಿಡುತ್ತದೆ, ಮೋಹನ ಹೋಗಿ ಶುದ್ಧ ಧನ್ಯಾಸಿ ಬರುತ್ತದೆ. ಶುರುವಿನಲ್ಲಿ ಬರೀ ಸ-ಪ ಹಿಡಿ, ಗ ಬೇಡ, ಅದನ್ನು ತಂಬೂರಿ ಕೊಡುತ್ತದೆ. ಕಾಕು ಮೀಂಡ್ ಎಳೆಯುವಾಗ ಕೈ ಎತ್ತು.

ಮೊಬೈಲಿನಲ್ಲಿ ತಂಬೂರಿ ಹಚ್ಚಿದೆವು, ಕರಿ ಎರಡು. ಕಾಕು ಒಲ್ಲದ ಮನಸ್ಸಿನಿಂದಲೇ ಶುರು ಮಾಡಿದರು. ಮೊದಲ ಸಾಲು ಗದ ಮೇಲೆ ನಿಲ್ಲುತ್ತದೆ, ಹುಡುಗ ಸ-ಗ-ಪ ಮೆಲ್ಲಗೆ ಒತ್ತಿದ. ಕಾಕು ಏನೂ ಅನ್ನಲಿಲ್ಲ. ಎರಡನೇ ಸಾಲು, ತಾಯಿ ಬಾಗಿಲಲ್ಲಿ ನಿಂತು ನೋಡುವ ಮಾತು, ಅದೂ ಅದೇ ಗದ ಮೇಲೆ ನಿಲ್ಲುತ್ತದೆ. ಈ ಸಲ ಹುಡುಗ ದ-ಸ-ಗ ಹಿಡಿದ. ಕಾಕು ಹಾಡುತ್ತಿದ್ದವರು ನಿಲ್ಲಿಸಿದರು. ನಮಗೆಲ್ಲ ಎದೆ ಧಸಕ್ ಅಂತು.

"ಇದನ್ನ ಇನ್ನೊಮ್ಮಿ ಬಾರಸು ತಮ್ಮಾ" ಅಂದರು. ಬಾರಿಸಿದ. ಮತ್ತೊಮ್ಮೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಗಂಧಾರ ಐವತ್ತು ವರ್ಷ ಹಾಡೇನಿ. ಅದಕ್ಕ ಇಂಥಾ ಮಾರಿ ಅದ ಅಂತ ಗೊತ್ತಿರಲಿಲ್ಲ ನೋಡ್ರಿ" ಅಂದರು.

ಹಾಗಂತ ಕಾಕು ಪೂರ್ತಿ ಸೋತರು ಅಂತ ತಿಳಿಯಬೇಡಿ. ಕೊನೆಯ ನುಡಿಗೆ ಕೀಬೋರ್ಡ್ ಬೇಡವೇ ಬೇಡ ಅಂದರು, ಬರೀ ತಂಬೂರಿ. ಹುಡುಗ ಒಪ್ಪಿದ, ಸ್ವಲ್ಪ ಗೊಣಗಿಕೊಂಡೇ. ನವೆಂಬರಿನಲ್ಲಿ ವೇದಿಕೆಯ ಮೇಲೆ ಹಾಗೆಯೇ ಹಾಡಿದರು. ಎರಡು ನುಡಿ ಕಾರ್ಡಿನ ಜೊತೆ ಕೇಳಿದ ಕಿವಿಗೆ ಕೊನೆಯ ನುಡಿಯಲ್ಲಿ ನೆಲ ಸರಿಯುವುದು ನಿಂತಾಗ ಆ ಖಾಲಿತನವೇ ಒಂದು ಭಾವವಾಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಗುಜರಾತಿ ನೆರೆಯವರು ಕೂಡ ಮೊಬೈಲು ಕೆಳಗಿಟ್ಟಿದ್ದರು. ಮಕ್ಕಳು ಏಳೂ ಜನ ಸಾಲಾಗಿ ನಿಂತು ಪದ ತಪ್ಪದೇ ಹಾಡಿದರು. ಆ ಹುಡುಗ ಕೀಬೋರ್ಡಿನ ಮೇಲೆ ಅಂಟಿಸಿಕೊಂಡಿದ್ದ ಚೀಟಿಯಲ್ಲಿ ಸ, ಗ, ಪ, ದ ಅಂತ ಕನ್ನಡದಲ್ಲೇ ಬರೆದಿತ್ತು. ಯಾರು ಬರೆದುಕೊಟ್ಟರು ಅಂತ ನಾನು ಕೇಳಲಿಲ್ಲ. ಕಾಕುವಿನ ಅಕ್ಷರ ನನಗೆ ಗೊತ್ತು.

ನಮ್ಮ ನಾಡಿನಲ್ಲಿ ಈ ಹೊಂದಾಣಿಕೆಯನ್ನು ದೊಡ್ಡವರು ಎಂದೋ ಮಾಡಿದ್ದಾರೆ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು. ರಷ್ಯಾದ ಮೆಟ್ನರ್ ಎಂಬ ಸಂಯೋಜಕನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು. ಅದೇ ಕೈಯಿಂದ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ಶುದ್ಧ ಕರ್ನಾಟಕ ಪದ್ಧತಿಯಲ್ಲಿ ರಚಿಸಿದರು. ಎರಡು ಖಾತೆ, ಎರಡೂ ಚೊಕ್ಕ. ಬೆರೆಸುವ ಕೆಲಸ ಮಾಡಿದ್ದು ಸಿನಿಮಾದವರು. ಜಿ.ಕೆ. ವೆಂಕಟೇಶ್ ಅವರ ಹತ್ತಿರ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದ ಇಳಯರಾಜಾ ಆಮೇಲೆ ರಾಗದ ಕೆಳಗೆ ಕಾರ್ಡ್ ಇಡುವುದನ್ನು ಒಂದು ವಿದ್ಯೆಯನ್ನಾಗಿಯೇ ಮಾಡಿದರು. 'ಪಲ್ಲವಿ ಅನುಪಲ್ಲವಿ' (1983) ಚಿತ್ರದ ಹಿನ್ನೆಲೆ ಸಂಗೀತ ಕೇಳಿ. ಮೇಲಿನ ಧಾಟಿಯ ಮೇಲಷ್ಟೇ ಗಮನ ಇಡಬೇಡಿ, ಕೆಳಗಿನ ನೆಲ ಹೇಗೆ ಸರಿಯುತ್ತದೆ ಅಂತ ಕಿವಿಗೊಡಿ. ಇನ್ನೊಂದು ತುದಿಗೆ 'ಜೀವನ ಚೈತ್ರ'ದ (1992) ತೋಡಿ, ರಾಜಕುಮಾರ್ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಹಾಡು. ಅಲ್ಲಿ ಮನಸ್ಸು ಹಿಡಿಯುವುದು ರಾಗ ಮತ್ತು ಗಂಟಲು. ಎರಡೂ ಬೇಕು, ಎರಡೂ ನಮ್ಮವೇ.

ಊರು ಬಿಟ್ಟು ಬಂದ ನಮಗೆ ಇದು ಸಂಗೀತದ ವಿಷಯ ಮಾತ್ರ ಅಲ್ಲ ಅನಿಸುತ್ತದೆ. ನಮ್ಮ ಮಕ್ಕಳಿಗೆ ಹಾಡು ನಮ್ಮದು ಸಿಗುತ್ತದೆ, ಕೆಳಗಿನ ನೆಲ ಬೇರೆ. ಹೊಸ ನೆಲ ಬೇಡ ಅಂತ ಬಾಗಿಲು ಹಾಕಿದರೆ ಹಾಡುವವರೇ ಇರುವುದಿಲ್ಲ. ಸಿಕ್ಕ ಸಿಕ್ಕ ಕಾರ್ಡನ್ನೆಲ್ಲ ಹಾಕಿದರೆ ಹಾಡೇ ಇರುವುದಿಲ್ಲ. ಸ ಎಲ್ಲಿದೆ ಅನ್ನುವುದು ಕಿವಿಯಲ್ಲಿ ಇದ್ದರೆ ನೆಲ ಎಷ್ಟು ಸರಿದರೂ ಭಯವಿಲ್ಲ.

ಒಂದು ಕೆಲಸ ಮಾಡಿ. ನಿಮ್ಮ ತಾಯಿಯೋ ಅಜ್ಜಿಯೋ ಹೇಳಿಕೊಟ್ಟ ಒಂದು ಹಾಡು ತೆಗೆದುಕೊಳ್ಳಿ, ಲಾಲಿಯಾದರೂ ಸರಿ, ಆರತಿಯಾದರೂ ಸರಿ. ಮೊದಲು ಬರೀ ತಂಬೂರಿಗೆ ಹಾಡಿ. ಅದರಲ್ಲಿ ಯಾವ್ಯಾವ ಸ್ವರ ಇದೆ ಎಂದು ಪಟ್ಟಿ ಮಾಡಿ. ಆ ಸ್ವರಗಳಿಂದಲೇ ಆಗುವ ಕಾರ್ಡುಗಳನ್ನು ಮಾತ್ರ, ಸಾಲು ನಿಲ್ಲುವ ಕಡೆ ಮಾತ್ರ, ಮಗನ ಕೈಯಲ್ಲೋ ಮೊಮ್ಮಗಳ ಕೈಯಲ್ಲೋ ಹಾಕಿಸಿ. ಯಾವ ಸ್ವರದ ಮುಖ ಬದಲಾಯಿತು ಅಂತ ನೋಡಿ, ನನಗೂ ತಿಳಿಸಿ. ಸೂರತ್ತು, ಅಹಮದಾಬಾದಿನ ಬಳಗದವರಿಗೂ ಇದೇ ಮಾತು. ನಿಮ್ಮಲ್ಲೂ ಒಬ್ಬರು ಕಾಕು ಇದ್ದೇ ಇರುತ್ತಾರೆ, ಒಬ್ಬ ಕೀಬೋರ್ಡಿನ ಹುಡುಗನೂ ಇರುತ್ತಾನೆ. ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸುವುದಷ್ಟೇ ನಮ್ಮ ಕೆಲಸ.